ದರಪಟ್ಟಿಯಲ್ಲಿ ಇಲ್ಲದ ಮಾತ್ರೆ



ನಾನು ವೈದ್ಯನಲ್ಲ, ಅರ್ಥಶಾಸ್ತ್ರಜ್ಞನೂ ಅಲ್ಲ. ಪ್ರೌಢಶಾಲೆಯಲ್ಲಿ ಮೂರು ದಶಕಗಳ ಕಾಲ ಇತಿಹಾಸ ಮತ್ತು ಪೌರನೀತಿ ಬೋಧಿಸಿದ ಮೇಷ್ಟ್ರು. ಆದರೂ ಚಿಕಿತ್ಸೆಯ ಬೆಲೆ ಎಂಬ ವಿಷಯವನ್ನು ಕುರಿತು ಬರೆಯಲು ಕುಳಿತಿದ್ದೇನೆ. ಅದಕ್ಕೆ ಕಾರಣ ನಮ್ಮ ಮನೆಯಲ್ಲಿಯೇ ಇದೆ. ನಮ್ಮ ಮನೆಯ ಇಬ್ಬರು ಹೆಣ್ಣುಮಕ್ಕಳಲ್ಲಿ, ತಾಯಿಯಾದವರು ದುಡ್ಡು ಖರ್ಚಾಗುತ್ತದೆಂದು ಆಸ್ಪತ್ರೆಗೆ ಹೋಗಲಿಲ್ಲ. ಮಗಳಾದವಳು ದುಡ್ಡು ಖರ್ಚಾಗುವುದಿಲ್ಲವೆಂದು ಹೋದಳು. ಇಬ್ಬರಿಗೂ ಕೇಡಾಯಿತು. ಎರಡನೆಯ ಕೇಡಿನಲ್ಲಿ ನನ್ನ ಪಾಲೂ ಇದೆ. ನನ್ನ ತಂಗಿಯ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ.

ಇಂದು ಆವರಗೆರೆಯು ದಾವಣಗೆರೆ ನಗರದೊಳಗೆ ಕರಗಿಹೋಗಿದೆ. ನಾನು ಹುಡುಗನಾಗಿದ್ದಾಗ ಅದು ಹೊಲಗಳ ನಡುವಿನ ಒಂದು ಹಳ್ಳಿ. ನಮ್ಮದು ಕೂಡುಕುಟುಂಬ. ಅಪ್ಪ ದಿನವೂ ಸೈಕಲ್ ತುಳಿದು ದಾವಣಗೆರೆಯ ಹತ್ತಿ ಗಿರಣಿಗೆ ಹೋಗುತ್ತಿದ್ದರು. ಚಿಕ್ಕಪ್ಪ ಹೊಲ ನೋಡಿಕೊಳ್ಳುತ್ತಿದ್ದರು. ಒಂದೇ ಒಲೆ, ಒಂದೇ ಹಂಡೆ. ಆದರೆ ಕಾಯಿಲೆ ಬಿದ್ದಾಗ ಮಾತ್ರ ಮನೆ ಎರಡಾಗುತ್ತಿತ್ತು. ಗಿರಣಿ ಕೆಲಸಗಾರರಾದ ಅಪ್ಪನಿಗೆ ಇ.ಎಸ್.ಐ. ಚೀಟಿ ಇತ್ತು. ಸ್ವತಂತ್ರ ಭಾರತ 1948ರಲ್ಲಿ ಕಾನೂನು ಮಾಡಿ, 1952ರ ಫೆಬ್ರವರಿ 24ರಂದು ಕಾನ್ಪುರ ಮತ್ತು ದೆಹಲಿಯಲ್ಲಿ ಆರಂಭಿಸಿದ ಕಾರ್ಮಿಕರ ವಿಮಾ ಯೋಜನೆ ಅದು. ಕೆಲಸಗಾರನ ಸಂಬಳದಿಂದ ಸ್ವಲ್ಪ, ಮಾಲೀಕನಿಂದ ಸ್ವಲ್ಪ ವಂತಿಗೆ. ಕಾಯಿಲೆಗೆ ಔಷಧ ಉಚಿತ. ಅದು ಅಪ್ಪ, ಅವ್ವ ಮತ್ತು ನಮಗೆ ಅನ್ವಯಿಸುತ್ತಿತ್ತು. ಚಿಕ್ಕಪ್ಪ, ಚಿಕ್ಕವ್ವ ಮತ್ತು ಅವರ ಮಗಳಿಗೆ ಅನ್ವಯಿಸುತ್ತಿರಲಿಲ್ಲ.

ಉಚಿತವೆಂದ ಮೇಲೆ ಸ್ವಲ್ಪ ಪೋಲಾಗುವುದು ಸಹಜ. ಅಪ್ಪ ಒಂದು ಸೀನು ಬಂದರೂ ಖಾಲಿ ಸೀಸೆ ಹಿಡಿದು ಹೋಗಿ ಬಣ್ಣದ ಔಷಧ ತುಂಬಿಸಿಕೊಂಡು ಬರುತ್ತಿದ್ದರು. ಎರಡು ಗುಟುಕು ಕುಡಿದು, ಉಳಿದದ್ದು ಗೂಡಿನಲ್ಲಿ ಕೂತು ಕೊನೆಗೆ ಹಿತ್ತಲಿಗೆ ಸೇರುತ್ತಿತ್ತು. ‘ಪುಕ್ಕಟೆ ಸಿಕ್ಕಿದರೆ ನನಗೂ ಇರಲಿ, ನಮ್ಮಪ್ಪನಿಗೂ ಇರಲಿ’ ಎಂಬ ಗಾದೆಯನ್ನು ಅವ್ವ ಹೇಳಿ ನಗುತ್ತಿದ್ದಳು. ಅಲ್ಲಿ ಪೋಲಾದದ್ದು ಒಂದು ಸೀಸೆ ಔಷಧ, ಅಷ್ಟೆ.

ಇನ್ನು ಚಿಕ್ಕವ್ವನ ಕಥೆ. 1978ರಲ್ಲಿ ಆಕೆಗೆ ರಕ್ತಸ್ರಾವ ಆರಂಭವಾಯಿತು. ಯಾರಿಗೂ ಹೇಳಲಿಲ್ಲ. ಗೊತ್ತಾದ ಮೇಲೂ, ‘ಜೋಳದ ಸುಗ್ಗಿ ಮುಗೀಲಿ, ಆಮ್ಯಾಲೆ ನೋಡಾಣ’ ಎಂದಳು. ಸರ್ಕಾರಿ ಆಸ್ಪತ್ರೆಯಲ್ಲಿ ಹಣ ಕೇಳುತ್ತಿರಲಿಲ್ಲ ನಿಜ. ಆದರೆ ಹೋಗಿ ಬರುವ ಖರ್ಚು, ಹೊರಗಿನಿಂದ ತರುವ ಔಷಧ, ಜೊತೆಗೆ ಇರುವವರ ಕೂಲಿ ನಷ್ಟ, ಇವೆಲ್ಲ ಬಡವನ ಲೆಕ್ಕದಲ್ಲಿ ಆಸ್ಪತ್ರೆಯ ಬೆಲೆಯೇ. ಸುಗ್ಗಿ ಮುಗಿದ ಮೇಲೆ ಕರೆದೊಯ್ದಾಗ ಗರ್ಭಕೋಶದ ಕ್ಯಾನ್ಸರ್ ಎಂದರು. ಬೆಂಗಳೂರಿನ ಕಿದ್ವಾಯಿ ಸಂಸ್ಥೆಗೆ ಒಯ್ಯಿರಿ ಎಂದರು. ಒಯ್ಯಲಿಲ್ಲ. 1979ರಲ್ಲಿ ಚಿಕ್ಕವ್ವ ತೀರಿಕೊಂಡಳು. ಆರು ವರ್ಷದ ಆಕೆಯ ಮಗಳು ನಮ್ಮವ್ವನ ಸೆರಗು ಹಿಡಿದು ಬೆಳೆದಳು. ಅವಳೇ ನನ್ನ ತಂಗಿ.

ಈ ಎರಡು ಪ್ರಸಂಗಗಳ ನಡುವಿನ ಪ್ರಶ್ನೆಯನ್ನು ಅರ್ಥಶಾಸ್ತ್ರಜ್ಞರು ಬಹುಕಾಲದಿಂದ ಕೇಳಿಕೊಂಡು ಬಂದಿದ್ದಾರೆ ಎಂದು ನನಗೆ ತಿಳಿದದ್ದು ನಿವೃತ್ತಿಯ ನಂತರದ ಓದಿನಿಂದ. ಅಮೆರಿಕದ ಕೆನೆತ್ ಆರೋ 1963ರಲ್ಲಿ ಒಂದು ಪ್ರಸಿದ್ಧ ಪ್ರಬಂಧ ಬರೆದರು. ಚಿಕಿತ್ಸೆಯು ಅಕ್ಕಿ ಬೇಳೆಯಂತಹ ಸರಕಲ್ಲ. ಕೊಳ್ಳುವವನಿಗೆ ತನಗೆ ಏನು ಬೇಕೆಂಬುದೇ ತಿಳಿದಿರುವುದಿಲ್ಲ, ಮಾರುವವನೇ ಅದನ್ನು ಹೇಳಬೇಕು ಎಂಬುದು ಅವರ ವಾದದ ತಿರುಳು. 1968ರಲ್ಲಿ ಮಾರ್ಕ್ ಪಾಲಿ ಎಂಬ ವಿದ್ವಾಂಸರು ಇನ್ನೊಂದು ಮುಖವನ್ನು ತೋರಿಸಿದರು. ವಿಮೆ ಇದ್ದವನಿಗೆ ಚಿಕಿತ್ಸೆ ಅಗ್ಗವಾಗಿ ಕಾಣುವುದರಿಂದ ಅವನು ಹೆಚ್ಚು ಬಳಸುತ್ತಾನೆ. ಇದು ಅವನ ದುರ್ಬುದ್ಧಿಯಲ್ಲ, ಬೆಲೆಯ ಸಹಜ ಪರಿಣಾಮ ಎಂದರು. ವಿಮೆಯವರ ಭಾಷೆಯಲ್ಲಿ ಇದಕ್ಕೆ ‘ಮಾರಲ್ ಹಜಾರ್ಡ್’ ಎಂದು ಹೆಸರು. ನಮ್ಮಪ್ಪನ ಸೀಸೆಯೆಂದರೆ ಇದೇ.

ಹಾಗಾದರೆ ರೋಗಿಯಿಂದ ಸ್ವಲ್ಪ ಹಣ ಕೊಡಿಸಿದರೆ ಪೋಲು ನಿಲ್ಲುವುದೇ? ಇದನ್ನು ಪರೀಕ್ಷಿಸಲು ಅಮೆರಿಕದ ರ್‍ಯಾಂಡ್ ಸಂಸ್ಥೆ 1974ರಿಂದ 1982ರವರೆಗೆ ದೊಡ್ಡ ಪ್ರಯೋಗವೊಂದನ್ನು ನಡೆಸಿತು. ಎರಡು ಸಾವಿರಕ್ಕೂ ಹೆಚ್ಚು ಕುಟುಂಬಗಳನ್ನು ಗುಂಪುಗಳಾಗಿ ವಿಂಗಡಿಸಿ, ಕೆಲವರಿಗೆ ಪೂರ್ಣ ಉಚಿತ ಚಿಕಿತ್ಸೆ, ಉಳಿದವರಿಗೆ ಬೇರೆ ಬೇರೆ ಪ್ರಮಾಣದ ಪಾಲು ಎಂದು ಗೊತ್ತುಮಾಡಿದರು. ಹಣ ಕೊಡಬೇಕಾದವರು ಕಡಿಮೆ ಚಿಕಿತ್ಸೆ ಪಡೆದರು. ಆದರೆ ಅವರು ಅನಗತ್ಯವಾದದ್ದನ್ನು ಎಷ್ಟು ಬಿಟ್ಟರೋ ಅಗತ್ಯವಾದದ್ದನ್ನೂ ಹೆಚ್ಚು ಕಡಿಮೆ ಅಷ್ಟೇ ಬಿಟ್ಟಿದ್ದರು. ಉಚಿತ ಚಿಕಿತ್ಸೆ ದೊರೆತ ಬಡವರಲ್ಲಿ ಅಧಿಕ ರಕ್ತದೊತ್ತಡ ಉಳಿದವರಿಗಿಂತ ಚೆನ್ನಾಗಿ ಹತೋಟಿಗೆ ಬಂದಿತ್ತು. ಬೆಲೆಯೆಂಬ ಜರಡಿಗೆ ಕಾಳು ಯಾವುದು, ಹೊಟ್ಟು ಯಾವುದು ಎಂಬ ಅರಿವಿಲ್ಲ. ಇದನ್ನು ಓದಿದ ರಾತ್ರಿ ಚಿಕ್ಕವ್ವನ ನೆನಪಾಗಿ ನನಗೆ ನಿದ್ರೆ ಬರಲಿಲ್ಲ.

ಆದುದರಿಂದ ನಮ್ಮ ರಾಜ್ಯಕ್ಕೆ ಬಡವರ ಆರೋಗ್ಯ ಯೋಜನೆಗಳು ಬಂದಾಗ ನಾನು ಸಂತೋಷಪಟ್ಟವನೇ. 2003ರ ಜೂನ್ 1ರಿಂದ ಸಹಕಾರ ಸಂಘಗಳ ಸದಸ್ಯರಿಗಾಗಿ ಯಶಸ್ವಿನಿ ಜಾರಿಗೆ ಬಂತು. ಡಾ. ದೇವಿ ಶೆಟ್ಟಿ ಅವರ ಚಿಂತನೆಯೂ ಸರ್ಕಾರದ ನೆರವೂ ಕೂಡಿ ರೂಪುಗೊಂಡ ಯೋಜನೆ ಅದು. ಒಬ್ಬ ಸದಸ್ಯನಿಗೆ ವರ್ಷಕ್ಕೆ 60 ರೂಪಾಯಿ ವಂತಿಗೆ. ಸುಮಾರು 1600 ಬಗೆಯ ಶಸ್ತ್ರಚಿಕಿತ್ಸೆಗಳಿಗೆ ರಕ್ಷಣೆ. 2010ರಲ್ಲಿ ಕಲಬುರಗಿ ವಿಭಾಗದಲ್ಲಿ ವಾಜಪೇಯಿ ಆರೋಗ್ಯಶ್ರೀ ಆರಂಭವಾಗಿ ಹೃದ್ರೋಗ, ಕ್ಯಾನ್ಸರ್ ಮುಂತಾದ ದೊಡ್ಡ ಕಾಯಿಲೆಗಳಿಗೆ ಬಡವರಿಗೂ ದೊಡ್ಡಾಸ್ಪತ್ರೆಯ ಬಾಗಿಲು ತೆರೆಯಿತು. ಈ ಯೋಜನೆ ಬಂದ ಹಳ್ಳಿಗಳನ್ನೂ, ಗಡಿಯ ಈಚೆಗೆ ಇನ್ನೂ ಬಾರದಿದ್ದ ಹಳ್ಳಿಗಳನ್ನೂ ಹೋಲಿಸಿದ ಅಧ್ಯಯನವೊಂದು 2014ರಲ್ಲಿ ಬ್ರಿಟಿಷ್ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಯೋಜನೆಯ ವ್ಯಾಪ್ತಿಯ ರೋಗಗಳಿಂದಾದ ಸಾವುಗಳು, ಯೋಜನೆ ಬಂದ ಕಡೆ ಬಡ ಕುಟುಂಬಗಳಲ್ಲಿ ಶೇ. 64ರಷ್ಟು ಕಡಿಮೆ ಇದ್ದವು. ವಿಮೆಯೆಂದರೆ ಬರೀ ಪೋಲು ಎನ್ನುವವರು ಈ ಅಂಕಿಯನ್ನು ಮರೆಯಬಾರದು. 1979ರಲ್ಲಿ ಇಂತಹದೊಂದು ಕಾರ್ಡು ಇದ್ದಿದ್ದರೆ ಚಿಕ್ಕವ್ವ ಬೆಂಗಳೂರಿಗೆ ಹೋಗುತ್ತಿದ್ದಳು.

ಈಗ ತಂಗಿಯ ವಿಷಯ. 2011ರಲ್ಲಿ ಅವಳಿಗೆ 38 ವರ್ಷ. ಬಿಳಿ ಸೆರಗು, ಕಿಬ್ಬೊಟ್ಟೆಯ ನೋವು. ಕಳೆ ಕೀಳುವ, ನಾಟಿ ಹಾಕುವ ಹೆಣ್ಣುಮಕ್ಕಳಲ್ಲಿ ಅಪರೂಪವಲ್ಲದ ತೊಂದರೆ. ಖಾಸಗಿ ಆಸ್ಪತ್ರೆಯೊಂದಕ್ಕೆ ನಾನೇ ಕರೆದೊಯ್ದೆ. ಒಂದು ಸ್ಕ್ಯಾನಿಂಗ್ ಆಯಿತು. ವೈದ್ಯರು, ‘ಗರ್ಭಕೋಶದ ಬಾಯಿ ಹುಣ್ಣಾಗಿದೆ, ಬಿಟ್ಟರೆ ಕ್ಯಾನ್ಸರ್ ಆಗಬಹುದು. ಮಕ್ಕಳಾಗಿವೆಯಲ್ಲ, ತೆಗೆಸಿಬಿಡಿ. ಕಾರ್ಡ್ ಇದೆಯಾ?’ ಎಂದು ಕೇಳಿದರು. ಕಾರ್ಡು ಇತ್ತು. ಅದು ಯಾವ ಯೋಜನೆಯದು, ಆಸ್ಪತ್ರೆ ಯಾವುದು ಎಂಬುದು ಇಲ್ಲಿ ಅನವಶ್ಯಕ.

ಹೊರಗೆ ಬೆಂಚಿನ ಮೇಲೆ ಕುಳಿತು ಅವಳು ಕೇಳಿದಳು: ‘ಅಣ್ಣಾ, ಏನ್ ಮಾಡ್ಲಿ?’

ನಮ್ಮಿಬ್ಬರ ಮನಸ್ಸಿನಲ್ಲೂ ಇದ್ದವಳು ಚಿಕ್ಕವ್ವ. ನಾನು ಹೇಳಿದ್ದು ಇಷ್ಟು: ‘ದುಡ್ಡೇನೂ ಹೋಗಂಗಿಲ್ಲಲ್ಲವ್ವ, ಮಾಡ್ಸಿಬಿಡು. ನಿಮ್ಮವ್ವನಂಗೆ ಆಗೋದು ಬ್ಯಾಡ.’ ಅರ್ಜಿ ತುಂಬಿ ಸಾಕ್ಷಿಯಾಗಿ ಸಹಿ ಹಾಕಿದವನೂ ನಾನೇ. ಮಾತ್ರೆಯಿಂದ ಗುಣವಾಗಬಹುದೇ, ಬೇರೆ ಪರೀಕ್ಷೆ ಇದೆಯೇ ಎಂದು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ತರಗತಿಯಲ್ಲಿ ‘ಪ್ರಶ್ನೆ ಕೇಳಿ, ಪ್ರಶ್ನೆ ಕೇಳಿ’ ಎಂದು ನಿಮ್ಮನ್ನೆಲ್ಲ ಪೀಡಿಸಿದ ಮೇಷ್ಟ್ರು ಅಂದು ಬಾಯಿ ಮುಚ್ಚಿ ಕುಳಿತಿದ್ದ.

2019ರಲ್ಲಿ ಅವಳು ಬಚ್ಚಲಲ್ಲಿ ಸಣ್ಣಗೆ ಜಾರಿ ಮುಂಗೈ ಮೂಳೆ ಮುರಿದುಕೊಂಡಳು. ಆಗ ಬೇರೊಂದು ಆಸ್ಪತ್ರೆಯ ವೈದ್ಯೆಯೊಬ್ಬರು ಹಳೆಯ ಕಾಗದಗಳನ್ನೆಲ್ಲ ತರಿಸಿ ಓದಿದರು. ಗರ್ಭಕೋಶದೊಡನೆ ಅಂಡಾಶಯಗಳನ್ನೂ ತೆಗೆದಿದ್ದರು. ಅದರಿಂದ ಮುಟ್ಟು ನಿಲ್ಲುವ ಕಾಲ ಮುಂಚಿತವಾಗಿಯೇ ಬಂದು ಮೂಳೆ ಸವೆದಿತ್ತು. ಕಡತದ ತಳದಲ್ಲಿ, ತೆಗೆದ ಅಂಗವನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿದ ವರದಿಯೊಂದಿತ್ತು. ಎಂಟು ವರ್ಷ ಅದು ನಮ್ಮ ಮನೆಯ ಟ್ರಂಕಿನಲ್ಲೇ ಇತ್ತು. ಯಾರೂ ಓದಿರಲಿಲ್ಲ. ಕ್ಯಾನ್ಸರ್‌ನ ಲಕ್ಷಣವೇನೂ ಇಲ್ಲ, ಬಹುಕಾಲದ ಉರಿಯೂತ ಮಾತ್ರ ಎಂದು ಅದರಲ್ಲಿ ಬರೆದಿತ್ತು. ‘ಇದಕ್ಕೆ ಮೊದಲು ಮಾತ್ರೆ ಕೊಟ್ಟು ನೋಡಬಹುದಿತ್ತು ಸರ್’ ಎಂದು ಆ ವೈದ್ಯೆ ಮೆಲ್ಲಗೆ ಹೇಳಿದರು.

ಆ ಮಾತ್ರೆಯನ್ನು ಏಕೆ ಕೊಡಲಿಲ್ಲ? ಆ ವೈದ್ಯರು ಕೆಟ್ಟವರು ಎಂದುಬಿಟ್ಟರೆ ಪ್ರಶ್ನೆ ಅಲ್ಲಿಗೇ ಮುಗಿಯುತ್ತದೆ. ಆದರೆ ನಾನು ಕಂಡುಕೊಂಡ ಉತ್ತರ ಬೇರೆ. ಅವಳ ಕಾರ್ಡಿನ ದರಪಟ್ಟಿಯಲ್ಲಿ ಗರ್ಭಕೋಶ ತೆಗೆಯುವುದಕ್ಕೆ ಒಂದು ಮೊತ್ತ ನಿಗದಿಯಾಗಿತ್ತು. ಮಾತ್ರೆ ಬರೆದುಕೊಟ್ಟು, ಹದಿನೈದು ದಿನ ಕಾದು, ಮತ್ತೆ ಕರೆದು ನೋಡುವುದಕ್ಕೆ ಅದರಲ್ಲಿ ಬೆಲೆಯೇ ಇರಲಿಲ್ಲ. ಕತ್ತರಿಸಿದರೆ ಆಸ್ಪತ್ರೆಗೆ ಹಣ, ಕತ್ತರಿಸದೆ ಗುಣಪಡಿಸಿದರೆ ಶೂನ್ಯ. ಇತ್ತ ರೋಗಿಗೆ ಕತ್ತರಿಸಿಕೊಂಡರೆ ಪುಕ್ಕಟೆ. ಮಾತ್ರೆ ನುಂಗಿದರೆ ಕೈಯಿಂದ ಖರ್ಚು. ಇಬ್ಬರ ಲೆಕ್ಕವೂ ಒಂದೇ ದಿಕ್ಕಿಗೆ ಬೆರಳು ತೋರಿಸುವಾಗ ನಡುವೆ ನಿಂತು ಬೇಡವೆನ್ನುವವರು ಯಾರು?

ಈ ತಿಳಿವಳಿಕೆ ಹೊಸದೇನಲ್ಲ. ಚಿಕಿತ್ಸೆಯನ್ನು ಅಂಗಡಿಯ ಸರಕಿನಂತೆ ಮಾರುವ ವೈದ್ಯನು ಚಿನ್ನದ ರಾಶಿಯನ್ನು ಬಿಟ್ಟು ಧೂಳಿನ ರಾಶಿಯನ್ನು ಆರಿಸಿಕೊಂಡವನೆಂದು ಚರಕಸಂಹಿತೆ ಎಚ್ಚರಿಸಿದೆ. ಬರ್ನಾರ್ಡ್ ಷಾ ತಮ್ಮ ‘ದಿ ಡಾಕ್ಟರ್ಸ್ ಡಿಲೆಮಾ’ ನಾಟಕದ ಮುನ್ನುಡಿಯಲ್ಲಿ, ಕಾಲು ಕತ್ತರಿಸುವುದರಲ್ಲಿ ಲಾಭವಿರುವವನನ್ನೇ ಕತ್ತರಿಸಬೇಕೇ ಎಂದು ಕೇಳಲು ನೇಮಿಸುವ ಸಮಾಜವನ್ನು ಗೇಲಿ ಮಾಡಿದ್ದಾರೆ.

1934ರಲ್ಲಿ ಪ್ರಕಟವಾದ ನ್ಯೂಯಾರ್ಕ್ ನಗರದ ಸಮೀಕ್ಷೆಯೊಂದು ಶಾಲಾಮಕ್ಕಳನ್ನು ಕುರಿತದ್ದಾದ್ದರಿಂದ ನನ್ನ ಮನಸ್ಸಿಗೆ ವಿಶೇಷವಾಗಿ ನಾಟಿತು. 11 ವರ್ಷದ 1000 ಮಕ್ಕಳಲ್ಲಿ 611 ಮಕ್ಕಳಿಗೆ ಆಗಲೇ ಗಂಟಲಿನ ಟಾನ್ಸಿಲ್ ತೆಗೆಸಲಾಗಿತ್ತು. ಉಳಿದ 389 ಮಕ್ಕಳನ್ನು ವೈದ್ಯರು ನೋಡಿ 174 ಮಕ್ಕಳಿಗೆ ತೆಗೆಸಬೇಕೆಂದರು. ಬೇಡವೆನಿಸಿಕೊಂಡ 215 ಮಕ್ಕಳನ್ನು ಬೇರೆ ವೈದ್ಯರ ಮುಂದೆ ನಿಲ್ಲಿಸಿದಾಗ 99 ಮಕ್ಕಳಿಗೆ ಬೇಕೆಂದರು. ಮತ್ತೆ ಉಳಿದ 116 ಮಕ್ಕಳನ್ನು ಇನ್ನೂ ಬೇರೆ ವೈದ್ಯರಿಗೆ ತೋರಿಸಿದಾಗ 51 ಮಕ್ಕಳ ಹೆಸರು ಪಟ್ಟಿಗೆ ಸೇರಿತು! ಅವರು ಮೋಸಗಾರರಲ್ಲ. ಅರ್ಧದಷ್ಟು ಮಕ್ಕಳಿಗೆ ಬೇಕಾಗುತ್ತದೆ ಎಂಬ ರೂಢಿ ಅವರ ಕಣ್ಣಿಗೆ ಅಂಟಿಕೊಂಡಿತ್ತು. ಇಂತಹ ಅನಿಶ್ಚಯ ಇರುವ ಕಡೆ ಹಣ ಯಾವ ಕಡೆಗೆ ವಾಲುತ್ತದೆಯೋ ನಿರ್ಧಾರವೂ, ಯಾರ ಅರಿವಿಗೂ ಬಾರದಂತೆ, ಆ ಕಡೆಗೇ ವಾಲುತ್ತದೆ. 1960ರ ಸುಮಾರಿಗೆ ಮಿಲ್ಟನ್ ರೋಮರ್ ಎಂಬ ವೈದ್ಯ ವಿದ್ವಾಂಸರು, ವಿಮೆಯಿರುವ ಸಮಾಜದಲ್ಲಿ ಆಸ್ಪತ್ರೆಯ ಹಾಸಿಗೆಗಳನ್ನು ಹೆಚ್ಚಿಸಿದಷ್ಟೂ ಅವು ತುಂಬುತ್ತಲೇ ಹೋಗುತ್ತವೆ ಎಂದು ತೋರಿಸಿದರು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ನಮ್ಮ ಗಾದೆಗೆ ಆಸ್ಪತ್ರೆಯಲ್ಲಿ ಇಂತಹ ಅರ್ಥ ಬರುತ್ತದೆಂದು ನಾನು ಎಣಿಸಿರಲಿಲ್ಲ.

ತಂಗಿಯಂತಹವರು ನಮ್ಮ ದೇಶದಲ್ಲಿ ಒಬ್ಬಿಬ್ಬರಲ್ಲ. ಕೇಂದ್ರ ಸರ್ಕಾರ 2008ರಲ್ಲಿ ಆರಂಭಿಸಿದ ರಾಷ್ಟ್ರೀಯ ಸ್ವಾಸ್ಥ್ಯ ಬಿಮಾ ಯೋಜನೆಯು ಬಡ ಕುಟುಂಬಕ್ಕೆ ವರ್ಷಕ್ಕೆ 30,000 ರೂಪಾಯಿಯ ಒಳರೋಗಿ ಚಿಕಿತ್ಸೆ ಕೊಡುತ್ತಿತ್ತು. 2012ರಲ್ಲಿ ಬಿಹಾರದ ಸಮಸ್ತಿಪುರ ಜಿಲ್ಲೆಯಲ್ಲಿ ಆ ಹಣಕ್ಕಾಗಿ ಅನಗತ್ಯವಾಗಿ ಗರ್ಭಕೋಶ ತೆಗೆದ ಪ್ರಕರಣಗಳು ಬಯಲಾದವು. ನಮ್ಮ ಕಲಬುರಗಿ ಜಿಲ್ಲೆಯಲ್ಲಿ ಲಂಬಾಣಿ ಮತ್ತು ದಲಿತ ಮಹಿಳೆಯರ ಗರ್ಭಕೋಶಗಳನ್ನು ಕೆಲವು ಖಾಸಗಿ ಆಸ್ಪತ್ರೆಗಳಲ್ಲಿ ವಿವೇಚನೆಯಿಲ್ಲದೆ ತೆಗೆದದ್ದು 2015ರಲ್ಲಿ ಸರ್ಕಾರದ ತನಿಖೆಯಿಂದ ಹೊರಬಂತು. ಅವರಲ್ಲಿ ಎಷ್ಟೋ ಮಂದಿ ನಲವತ್ತರೊಳಗಿನವರು. 2017ರಲ್ಲಿ ಆ ಮಹಿಳೆಯರು ಕಲಬುರಗಿಯ ಬೀದಿಗಿಳಿದು ನ್ಯಾಯ ಕೇಳಿದರು. ಗಮನಿಸಬೇಕಾದ ಸಂಗತಿಯೆಂದರೆ, ಅಲ್ಲಿ ಬಹುಮಂದಿಯ ಕೈಯಲ್ಲಿ ವಿಮೆಯ ಕಾರ್ಡು ಇರಲಿಲ್ಲ. ಸಾಲ ಮಾಡಿ ಹಣ ಕೊಟ್ಟವರು ಅವರು. ಅಂದಮೇಲೆ ದೋಷ ವಿಮೆಯೊಂದರದ್ದೇ ಅಲ್ಲ. ಒಂದೊಂದು ಕೊಯ್ತಕ್ಕೆ ಒಂದೊಂದು ಹಣ ಎಂಬ ಪದ್ಧತಿ ಮೂಲದಲ್ಲಿದೆ. ವಿಮೆ ಅದಕ್ಕೆ ರೋಗಿಯ ಅಳುಕನ್ನೂ ತೆಗೆದುಹಾಕಿ ದಾರಿ ಸುಗಮ ಮಾಡುತ್ತದೆ, ಅಷ್ಟೆ.

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಅಂಕಿಗಳೂ ಇದನ್ನೇ ಹೇಳುತ್ತವೆ. 2019-21ರ ಸಮೀಕ್ಷೆಯಂತೆ ದೇಶದ ಸರ್ಕಾರಿ ಆಸ್ಪತ್ರೆಗಳ ಹೆರಿಗೆಗಳಲ್ಲಿ ಸಿಸೇರಿಯನ್ ಆದದ್ದು ಶೇ. 14.3; ಖಾಸಗಿಯಲ್ಲಿ ಶೇ. 47.4. ತೊಡಕಿನ ಹೆರಿಗೆಗಳು ಖಾಸಗಿಗೆ ಹೆಚ್ಚು ಹೋಗುತ್ತವೆ ಎಂದು ಒಪ್ಪಿಕೊಂಡರೂ ಮೂರು ಪಟ್ಟು ಅಂತರವನ್ನು ಅದೊಂದೇ ವಿವರಿಸಲಾರದು.

2023ರ ಏಪ್ರಿಲ್ 5ರಂದು ಸರ್ವೋಚ್ಚ ನ್ಯಾಯಾಲಯ ಈ ವಿಷಯದಲ್ಲಿ ತೀರ್ಪು ನೀಡಿತು. ಅನಗತ್ಯ ಗರ್ಭಕೋಶ ಶಸ್ತ್ರಚಿಕಿತ್ಸೆಯನ್ನು ತಡೆಯಲು ಕೇಂದ್ರ ಆರೋಗ್ಯ ಸಚಿವಾಲಯ 2022ರಲ್ಲಿ ರೂಪಿಸಿದ ಮಾರ್ಗಸೂಚಿಗಳನ್ನು ಎಲ್ಲ ರಾಜ್ಯಗಳೂ ಮೂರು ತಿಂಗಳೊಳಗೆ ಅಳವಡಿಸಿಕೊಳ್ಳಬೇಕೆಂದು ಆದೇಶಿಸಿತು. 40 ವರ್ಷದೊಳಗಿನವರಿಗೆ ಇಂತಹ ಶಸ್ತ್ರಚಿಕಿತ್ಸೆ ಮಾಡಿದರೆ ಕಾರಣವನ್ನು ದಾಖಲಿಸಿ ಪರಿಶೀಲನೆಗೆ ಒಳಪಡಿಸುವುದು ಅದರ ಮುಖ್ಯಾಂಶ. ನಮ್ಮ ರಾಜ್ಯದಲ್ಲಿ 2018ರಲ್ಲಿ ಆರೋಗ್ಯ ಕರ್ನಾಟಕ ಬಂದಾಗ, ತುರ್ತಲ್ಲದ ಚಿಕಿತ್ಸೆಗೆ ಖಾಸಗಿ ಆಸ್ಪತ್ರೆಗೆ ಹೋಗಬೇಕಾದರೆ ಮೊದಲು ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕೆಂಬ ನಿಯಮ ಮಾಡಿದರು. ಜನ ಇದನ್ನು ಕಿರುಕುಳವೆಂದು ಬೈಯುವುದನ್ನು ಕೇಳಿದ್ದೇನೆ. ಆದರೆ ಅದರ ಹಿಂದೆ ಒಂದು ವಿವೇಕವಿದೆ: ಕತ್ತರಿಸಬೇಕು ಎಂದು ಹೇಳುವವರು ಬೇರೆ, ಕತ್ತರಿಸಿ ಹಣ ಪಡೆಯುವವರು ಬೇರೆ ಆಗಿರಲಿ ಎಂಬುದು.

ದೋಷವಿಲ್ಲದ ಪದ್ಧತಿ ಯಾವುದೂ ಇಲ್ಲ. ಕೊಯ್ತಕ್ಕಿಷ್ಟು ಎಂದು ಕೊಟ್ಟರೆ ಅತಿಚಿಕಿತ್ಸೆಯ ಆಸೆ. ತಿಂಗಳ ಸಂಬಳ ಕೊಟ್ಟರೆ ಉದಾಸೀನದ ಭಯ. ಇದು ಮೇಷ್ಟ್ರಾದ ನನಗೆ ಚೆನ್ನಾಗಿ ಗೊತ್ತು. ಸಂಬಳ ಬರುತ್ತದೆಂದು ಪಾಠ ಮಾಡದವರೂ ನಮ್ಮಲ್ಲಿದ್ದರು, ಟ್ಯೂಷನ್ ಹಣಕ್ಕಾಗಿ ಅವಶ್ಯವಿಲ್ಲದ ಮಗುವನ್ನೂ ದಡ್ಡನೆಂದವರೂ ಇದ್ದರು. ಆದರೆ ಒಂದು ಮಾತು ಸ್ಪಷ್ಟ. ಬಡವನಿಂದ ಬಾಗಿಲಲ್ಲಿ ಹಣ ಕೇಳಿ ಪೋಲು ತಡೆಯುತ್ತೇವೆಂದರೆ ಚಿಕ್ಕವ್ವನಂತಹವರು ಮನೆಯಲ್ಲೇ ಉಳಿಯುತ್ತಾರೆ. ತಿದ್ದಬೇಕಾದದ್ದು ದರಪಟ್ಟಿಯನ್ನು. ಮಾತ್ರೆಗೂ ಕಾಯುವಿಕೆಗೂ ಬೇಡವೆಂಬ ಪ್ರಾಮಾಣಿಕ ಸಲಹೆಗೂ ಅದರಲ್ಲಿ ಒಂದು ಬೆಲೆ ಇರಬೇಕು.

ನನ್ನ ಶಿಷ್ಯರಲ್ಲಿ ಹಲವರು ಈಗ ವೈದ್ಯರಾಗಿದ್ದೀರಿ. ನಿಮಗೆ ಉಪದೇಶ ಮಾಡುವಷ್ಟು ತಿಳಿದವನು ನಾನಲ್ಲ. ರೋಗಿಯ ಕಾರ್ಡು ಯಾವುದೆಂದು ಕೇಳುವ ಮೊದಲು ಚಿಕಿತ್ಸೆ ಏನೆಂದು ಮನಸ್ಸಿನಲ್ಲಿ ತೀರ್ಮಾನಿಸಿರಿ, ಇಷ್ಟೇ ನನ್ನ ಕೋರಿಕೆ. ಉಳಿದವರಿಗೆ ಹೇಳುವುದು: ಜೀವಕ್ಕೆ ತುರ್ತು ಅಪಾಯವಿಲ್ಲದ ಕಡೆ, ಕಾದರೆ ಏನಾಗುತ್ತದೆ, ಔಷಧದಿಂದ ಆಗದೆ ಎಂದು ಕೇಳಿರಿ. ಶಸ್ತ್ರಚಿಕಿತ್ಸೆ ಮಾಡದ ಇನ್ನೊಬ್ಬ ವೈದ್ಯರಿಗೂ ಒಮ್ಮೆ ತೋರಿಸಿರಿ. ಗರ್ಭಕೋಶದ ಬಾಯಿಯ ಕ್ಯಾನ್ಸರ್ ಭಯವಿದ್ದರೆ ಅದನ್ನು ಮೊದಲೇ ಪತ್ತೆಹಚ್ಚುವ ಸರಳ ಪರೀಕ್ಷೆಗಳಿವೆ, ಮಾಡಿಸಿರಿ. ವರದಿಗಳನ್ನು ಟ್ರಂಕಿನಲ್ಲಿಡುವ ಮೊದಲು ಓದಿಸಿರಿ.

ಕಳೆದ ತಿಂಗಳು ತಂಗಿಯ ಮಗಳು ಬೆಂಗಳೂರಿನಿಂದ ಫೋನ್ ಮಾಡಿದ್ದಳು. ಅವಳಿಗೆ ಕಂಪನಿಯ ವಿಮೆ ಇದೆ. ಪಿತ್ತಕೋಶದಲ್ಲಿ ಕಲ್ಲಿದೆ ಎಂದರಂತೆ. ನೋವಿಲ್ಲ, ಬೇರಾವುದಕ್ಕೋ ಸ್ಕ್ಯಾನ್ ಮಾಡಿಸಿದಾಗ ಕಂಡದ್ದು. ‘ಮಾವಾ, ಕ್ಯಾಶ್‌ಲೆಸ್ ಇದೆ, ತೆಗೆಸಿಬಿಡಿ ಅಂತಾರೆ. ಏನ್ ಮಾಡ್ಲಿ?’ ಎಂದಳು.

ಅದೇ ಪ್ರಶ್ನೆ. ನಾನು ಉತ್ತರ ಹುಡುಕುತ್ತಿರುವಾಗಲೇ ತಂಗಿ ಎಡಗೈಯಲ್ಲಿ ಫೋನ್ ಕಸಿದುಕೊಂಡಳು. ಬಲಗೈ ಮುಂಗೈ ಅವಳಿಗೆ ಇನ್ನೂ ಪೂರ್ತಿ ಮಡಿಸುವುದಿಲ್ಲ.

‘ನಿಮ್ಮ ಮಾವನ್ನ ಕೇಳ್ಬ್ಯಾಡ. ಇನ್ನೊಬ್ರು ಡಾಕ್ಟರಿಗೆ ತೋರ್ಸು. ಇನ್ಶೂರೆನ್ಸ್ ಐತಿ ಅಂತ ಮಾತ್ರ ಅವ್ರಿಗೆ ಮೊದ್ಲೇ ಹೇಳ್ಬ್ಯಾಡ.’

ಮಗಳು ಹಾಗೆಯೇ ಮಾಡಿದಳು. ಎರಡನೆಯ ವೈದ್ಯರು, ನೋವಿಲ್ಲವಾದರೆ ಸದ್ಯಕ್ಕೆ ಏನೂ ಬೇಡ, ನೋವು ಬಂದರೆ ತಡಮಾಡದೆ ಬನ್ನಿ ಎಂದು ಹೇಳಿ ಕಳುಹಿಸಿದರಂತೆ. ಆ ಸಲಹೆಗೆ ಅವರು ಪಡೆದದ್ದು ಭೇಟಿಯ ಶುಲ್ಕ ಮಾತ್ರ. ಅದನ್ನು ವಿಮೆ ಭರಿಸಲಿಲ್ಲ. ಅವಳೇ ಕೈಯಿಂದ ಕೊಟ್ಟಳು.